ಹಾಸಿಗೆಯ ಬದಿಯ ತಪಸ್ಸು

ತಪಸ್ಸು ಎಂದೊಡನೆ ಸಾಮಾನ್ಯ ಶ್ರಾವಕನ ಕಣ್ಮುಂದೆ ಬರುವುದು ಉಪವಾಸ. ಅಷ್ಟಮಿ, ಚತುರ್ದಶಿಗಳ ಪ್ರೋಷಧ, ದಶಲಕ್ಷಣ ಪರ್ವದ ಹತ್ತು ದಿನಗಳ ನಿಯಮ, ರಸತ್ಯಾಗ ಇವೆಲ್ಲ ಬಾಹ್ಯ ತಪಸ್ಸಿಗೆ ಸೇರಿದವು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬಾಹ್ಯ ತಪಸ್ಸು ಆರು, ಅಭ್ಯಂತರ ತಪಸ್ಸು ಆರು ಎಂದು ವಿಭಾಗಿಸಿದ್ದಾರೆ. ಅಭ್ಯಂತರದ ಆರರಲ್ಲಿ ಪ್ರಾಯಶ್ಚಿತ್ತ, ವಿನಯಗಳ ನಂತರ ಮೂರನೆಯದಾಗಿ ನಿಲ್ಲುವುದು ವೈಯಾವೃತ್ತ್ಯ. ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳು ಅದರ ಅನಂತರ ಬರುತ್ತವೆ.

ವೈಯಾವೃತ್ತ್ಯವೆಂದರೆ ಬಾಧೆಗೊಳಗಾದವರ ಕಷ್ಟವನ್ನು ತನ್ನ ಕೈಯಾರೆ ನಿವಾರಿಸುವುದು. ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ನೂ ಒಬ್ಬ; ರೋಗದಿಂದ ಕುಗ್ಗಿದವನು ಎಂದು ಇದರ ಅರ್ಥ. ಸೂತ್ರಕಾರರ ಮುಖ್ಯ ಉದ್ದೇಶ ಮುನಿಸಂಘದ ಸೇವೆಯೇ ಆಗಿದ್ದರೂ, ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ತ್ಯವನ್ನು ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದಾಗಿ ಹೇಳಿದರು. ತೀರ್ಥಂಕರ ಪ್ರಕೃತಿಗೆ ಕಾರಣವಾಗುವ ಷೋಡಶ ಭಾವನೆಗಳಲ್ಲಿಯೂ ಅದು ಇದೆ. ಇಷ್ಟು ಉನ್ನತ ಸ್ಥಾನವಿದ್ದರೂ, ಉಪವಾಸ ಮಾಡಿದವರಿಗೆ ಬಸದಿಯಲ್ಲಿ ದೊರೆಯುವ ಮನ್ನಣೆ, ಮನೆಯಲ್ಲಿ ವರ್ಷಗಟ್ಟಲೆ ರೋಗಿಯೊಬ್ಬನ ಮೈ ತೊಳೆದು, ತುತ್ತಿಟ್ಟು, ರಾತ್ರಿ ಎಚ್ಚರವಿದ್ದವರಿಗೆ ದೊರೆಯುವುದು ವಿರಳ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಮಟ್ಟಿಗೆ ಇದು ಬರಿಯ ಶಾಸ್ತ್ರಚರ್ಚೆಯ ವಿಷಯವಾಗಿ ಉಳಿದಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು, ಆಮೇಲೆ ಕೊನೆಕೊಯ್ಲಿಗೆ ಅಡಕೆಮರ ಏರಿದವರು ಜಾರಿ ಬೀಳುವುದುಂಟು. ಘಟ್ಟದ ತಿರುವುಗಳಲ್ಲಿ, ಮಂಜು ಕವಿದ ಮಳೆಯಲ್ಲಿ ಬೈಕಿನಿಂದ ಉರುಳುವ ಎಳೆಯರೂ ಇದ್ದಾರೆ. ತಲೆಗೆ ಪೆಟ್ಟು ಬಿದ್ದರೆ ದೊಡ್ಡ ಆಸ್ಪತ್ರೆಗಾಗಿ ಶಿವಮೊಗ್ಗಕ್ಕೆ ಓಡಬೇಕು, ಇಲ್ಲವೇ ಘಟ್ಟವಿಳಿದು ಮಣಿಪಾಲಕ್ಕೆ. ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಯವರಿಗೆ 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಸಾಗರಕ್ಕೆ ಬರಲು ಲಾಂಚೇ ನೇರ ದಾರಿಯಾಗಿತ್ತು.

ತಲೆಯ ಪೆಟ್ಟಿನ ತೀವ್ರತೆಯನ್ನು ಅಳೆಯಲು ವೈದ್ಯರು ಬಳಸುವ ಗ್ಲಾಸ್ಗೋ ಕೋಮಾ ಮಾಪಕವನ್ನು 1974ರಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ವೈದ್ಯರು ರೂಪಿಸಿದರು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಅಂಗಚಲನೆಗೆ 6, ಹೀಗೆ ಪೂರ್ಣ ಅಂಕ 15. ಅತಿ ಕಡಿಮೆ 3. ಎಂಟು ಅಥವಾ ಅದಕ್ಕಿಂತ ಕಡಿಮೆಯಾದರೆ ಅದು ತೀವ್ರ ಗಾಯ. ಅಂಥ ರೋಗಿ ಐಸಿಯುವಿನಿಂದ ಬದುಕಿ ಹೊರಬಂದರೂ ಮನೆಗೆ ಬರುವಾಗ ಮೂಗಿನಲ್ಲಿ ಆಹಾರದ ನಳಿಗೆ, ಕೆಲವೊಮ್ಮೆ ಕತ್ತಿನಲ್ಲಿ ಉಸಿರಾಟದ ನಳಿಗೆ ಇರುತ್ತದೆ. ಚೇತರಿಕೆ ಮೊದಲ ಆರು ತಿಂಗಳಲ್ಲಿ ಹೆಚ್ಚು ವೇಗವಾಗಿರುತ್ತದೆ. ಅನಂತರ ನಿಧಾನವಾಗಿ ವರ್ಷಗಳವರೆಗೂ ಮುಂದುವರಿಯಬಹುದು. ಎಷ್ಟರ ಮಟ್ಟಿಗೆ ಎಂಬುದನ್ನು ಮೊದಲೇ ಹೇಳಲು ಯಾರಿಗೂ ಆಗದು.

ಆ ವರ್ಷಗಳಲ್ಲಿ ಕುಟುಂಬಕ್ಕೆ ಧರ್ಮವು ಏನು ಹೇಳುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು, ನೋಡಲು ಬಂದವರು ಆಡುವ ಒಂದು ಮಾತನ್ನು ಪರಿಶೀಲಿಸಬೇಕು. “ಎಲ್ಲ ಪೂರ್ವಜನ್ಮದ ಕರ್ಮ ಮಾರಾಯ್ರೆ, ಅನುಭವಿಸಲೇಬೇಕು” ಎಂದು ಸಮಾಧಾನದ ಧ್ವನಿಯಲ್ಲಿಯೇ ಹೇಳಿ ಅವರು ಎದ್ದುಹೋಗುತ್ತಾರೆ. ಕೇಳಿದ ತಾಯಿ ಅಂದಿನ ಊಟ ಬಿಡುತ್ತಾಳೆ. ಕರ್ಮಸಿದ್ಧಾಂತ ಜೈನಧರ್ಮದ ಬೆನ್ನೆಲುಬು ಎಂಬುದು ನಿಜ. ಆದರೆ ಯಾವ ಜೀವದ ಯಾವ ಕರ್ಮ ಯಾವಾಗ ಉದಯಕ್ಕೆ ಬಂದಿತು ಎಂಬುದು ಪ್ರತ್ಯಕ್ಷಜ್ಞಾನಿಗಳಿಗೆ ಮಾತ್ರ ಗೋಚರ. ಅಂಥ ಜ್ಞಾನವಿಲ್ಲದ ಗೃಹಸ್ಥನು ಮತ್ತೊಬ್ಬನ ಹಾಸಿಗೆಯ ಮುಂದೆ ತೀರ್ಪು ಕೊಟ್ಟಂತೆ ಮಾತನಾಡಿದರೆ ತಾನು ಕಾಣದ್ದನ್ನು ಕಂಡಂತೆ ಹೇಳಿದಂತಾಗುತ್ತದೆ. ಅದು ಸತ್ಯಾಣುವ್ರತಕ್ಕೆ ಶೋಭೆಯಲ್ಲ.

ಇನ್ನೊಂದು ಅಂಶವೂ ಉಂಟು. ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಎಣಿಸುತ್ತದೆ. ತನಗಾಗಲಿ, ಪರರಿಗಾಗಲಿ, ಇಬ್ಬರಿಗೂ ಆಗಲಿ ದುಃಖ, ಶೋಕ, ಸಂತಾಪ, ಆಕ್ರಂದನಗಳನ್ನು ಉಂಟುಮಾಡುವುದು ಆ ಪಟ್ಟಿಯಲ್ಲಿದೆ. ಜೀವಿಗಳ ಮೇಲಿನ ಅನುಕಂಪೆ, ದಾನ, ಕ್ಷಮೆ ಇವು ಸಾತಾವೇದನೀಯಕ್ಕೆ ಕಾರಣ. ಆದ್ದರಿಂದ ಕರ್ಮಸಿದ್ಧಾಂತವನ್ನು ನಿಜವಾಗಿ ನಂಬಿದವನು ರೋಗಿಯ ಹಳೆಯ ಕರ್ಮವನ್ನು ಹುಡುಕಲು ಹೋಗದೆ, ಆ ಗಳಿಗೆಯಲ್ಲಿ ತನ್ನ ನಾಲಿಗೆಯಿಂದ ತಾನು ಕಟ್ಟಿಕೊಳ್ಳುತ್ತಿರುವ ಕರ್ಮದ ಕಡೆ ಗಮನ ಕೊಡುತ್ತಾನೆ. ಕಟ್ಟಿದ ಕರ್ಮವೆಲ್ಲ ಕಲ್ಲಿನ ಬರಹವೂ ಅಲ್ಲ. ಅಪಕರ್ಷಣ, ಸಂಕ್ರಮಣ, ಉಪಶಮಗಳನ್ನು ಕರ್ಮಗ್ರಂಥಗಳು ವಿವರಿಸಿರುವುದು ಪುರುಷಾರ್ಥಕ್ಕೆ ಎಡೆಯಿರುವುದರಿಂದಲೇ. ಔಷಧ, ಶುಶ್ರೂಷೆ, ವ್ಯಾಯಾಮ, ಸಹನೆ ಇವೆಲ್ಲ ಆ ಪುರುಷಾರ್ಥದ ರೂಪಗಳು.

ಎರಡನೆಯದು ಮನೆಯವರ ಒಳಗಿನ ಪ್ರಶ್ನೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದವರಲ್ಲಿ ಸ್ವಭಾವವೇ ಬದಲಾಗುವುದುಂಟು. ಶಾಂತನಾಗಿದ್ದವನು ಸಣ್ಣ ಮಾತಿಗೆ ಸಿಡಿಯುತ್ತಾನೆ, ಕೇಳಿದ್ದನ್ನೇ ಇಪ್ಪತ್ತು ಸಲ ಕೇಳುತ್ತಾನೆ, ನಾಚಿಕೆಯ ಎಲ್ಲೆ ಮರೆಯುತ್ತಾನೆ, ಹೆಂಡತಿಯ ಹೆಸರು ನೆನಪಾಗದೆ ಸಿಟ್ಟಿಗೇಳುತ್ತಾನೆ. ಆಗ ಮನೆಯವರ ಬಾಯಿಂದ “ಇವನು ನಮ್ಮ ಹುಡುಗನೇ ಅಲ್ಲ” ಎಂಬ ಮಾತು ಹೊರಡುತ್ತದೆ. ಸತ್ತವರಿಗಾಗಿ ಅಳಲು ಒಂದು ಕ್ರಮವಿದೆ. ಎದುರಿಗೇ ಉಸಿರಾಡುತ್ತಿರುವವನನ್ನು ಕಳೆದುಕೊಂಡ ದುಃಖಕ್ಕೆ ಯಾವ ಕ್ರಮವೂ ಇಲ್ಲ.

ಇಲ್ಲಿ ಜೈನದರ್ಶನದ ದ್ರವ್ಯ ಮತ್ತು ಪರ್ಯಾಯಗಳ ವಿಚಾರ ಪಾಠಶಾಲೆಯಿಂದ ಮನೆಗೆ ಬರುತ್ತದೆ. ಇರುವ ಪ್ರತಿಯೊಂದರಲ್ಲೂ ಹುಟ್ಟು, ಅಳಿವು, ಸ್ಥಿರತೆ ಮೂರೂ ಏಕಕಾಲದಲ್ಲಿರುತ್ತವೆ. ಪರ್ಯಾಯ ಬದಲಾಗುತ್ತದೆ, ದ್ರವ್ಯ ಉಳಿಯುತ್ತದೆ. ಪರ್ಯಾಯದ ದೃಷ್ಟಿಯಿಂದ ಹಳೆಯ ಮಗ ಹೋಗಿದ್ದಾನೆ ಎಂಬ ತಾಯಿಯ ಮಾತು ಸತ್ಯ. ಅವಳ ಅಳುವನ್ನು ತಡೆಯಬಾರದು. ದ್ರವ್ಯದ ದೃಷ್ಟಿಯಿಂದ ಅದೇ ಜೀವ ಅದೇ ಹಾಸಿಗೆಯ ಮೇಲಿದೆ ಎಂಬುದೂ ಸತ್ಯ, ಅವನನ್ನು ಬಿಟ್ಟುಕೊಡಬಾರದು. ಎರಡನ್ನೂ ಒಟ್ಟಿಗೆ ಹಿಡಿಯಲು ಕಲಿಸುವುದೇ ಅನೇಕಾಂತ. ಹಳೆಯ ಮಗನೇ ಮರಳಿ ಬರಲೆಂದು ಹಠ ಹಿಡಿದವರು ಹೊಸ ಮಗನ ಸಣ್ಣ ಏಳಿಗೆಯನ್ನು ಕಾಣಲಾರರು. ಎಡಗೈ ಬೆರಳು ಅಲುಗಿದ್ದು, ಗಂಜಿಯ ಮೊದಲ ಚಮಚ ಕೆಮ್ಮಿಲ್ಲದೆ ನುಂಗಿದ್ದು ಅವರ ಲೆಕ್ಕಕ್ಕೆ ಸಿಗುವುದಿಲ್ಲ.

ಜೀವದ ಲಕ್ಷಣ ಉಪಯೋಗ, ಅಂದರೆ ಅರಿಯುವ ವ್ಯಾಪಾರ. ಮತಿಜ್ಞಾನ ಇಂದ್ರಿಯ ಮತ್ತು ಮನಸ್ಸಿನ ನೆರವಿನಿಂದ ನಡೆಯುವಂಥದ್ದು. ಆ ನೆರವು ಕೆಟ್ಟರೆ ಅರಿವು ಹೊರಗೆ ತೋರುವುದಿಲ್ಲ. ಆದರೆ ಜ್ಞಾನಾವರಣೀಯ ಕರ್ಮ ಎಷ್ಟೇ ದಟ್ಟವಾಗಿದ್ದರೂ ಜ್ಞಾನವನ್ನು ಪೂರ್ಣವಾಗಿ ಮುಚ್ಚಲಾರದು, ನಿಗೋದ ಜೀವದಲ್ಲಿಯೂ ಅದರ ಸೂಕ್ಷ್ಮಾತಿಸೂಕ್ಷ್ಮ ಅಂಶ ತೆರೆದೇ ಇರುತ್ತದೆ ಎಂದು ಆಗಮ ಹೇಳುತ್ತದೆ. ಮೋಡ ಎಷ್ಟು ಕವಿದರೂ ಹಗಲು ರಾತ್ರಿಯಾಗುವುದಿಲ್ಲ ಎಂಬ ಹೋಲಿಕೆಯನ್ನು ಹಿರಿಯರು ಕೊಡುತ್ತಾ ಬಂದಿದ್ದಾರೆ.

ಆಧುನಿಕ ವೈದ್ಯಶಾಸ್ತ್ರ ಬೇರೆ ದಾರಿಯಿಂದ ನಡೆದು ಇದೇ ಎಚ್ಚರಿಕೆಯನ್ನು ಕೊಡುತ್ತಿದೆ. 2006ರಲ್ಲಿ ಏಡ್ರಿಯನ್ ಓವನ್ ಮತ್ತು ಅವರ ಸಹೋದ್ಯೋಗಿಗಳು, ರಸ್ತೆ ಅಪಘಾತದ ಬಳಿಕ ಯಾವುದಕ್ಕೂ ಸ್ಪಂದಿಸದಿದ್ದ ತರುಣಿಯೊಬ್ಬಳಿಗೆ ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದಾಗ ಆರೋಗ್ಯವಂತರ ಮೆದುಳಿನಲ್ಲಿ ಕಾಣುವಂಥದೇ ಚಟುವಟಿಕೆ ಸ್ಕ್ಯಾನಿನಲ್ಲಿ ಕಾಣಿಸಿತು. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಹೇಳಿದ ಮಾತಿಗೆ ಹೊರನೋಟಕ್ಕೆ ಸ್ಪಂದಿಸದಿದ್ದ 241 ಮಂದಿಯಲ್ಲಿ 60 ಮಂದಿ ಒಳಗೇ ಅದನ್ನು ಗ್ರಹಿಸಿ ಅನುಸರಿಸುತ್ತಿದ್ದರು. ಯಂತ್ರದಲ್ಲಿ ಕಂಡದ್ದು ಆತ್ಮಕ್ಕೆ ಪ್ರಮಾಣವೆಂದು ಹೇಳುವ ಅಗತ್ಯವಿಲ್ಲ. ವಿಜ್ಞಾನದ ವಿಷಯ ಬೇರೆ, ಆಗಮದ ವಿಷಯ ಬೇರೆ. ಆದರೆ ಅರಿವಿಲ್ಲವೆಂದು ತೋರುವವನ ಎದುರು ಆಸ್ಪತ್ರೆಯ ಖರ್ಚು, ಆಸ್ತಿಯ ಪಾಲು, “ಇನ್ನೆಷ್ಟು ದಿನವೋ” ಎಂಬ ಮಾತು ಆಡಕೂಡದು ಎಂಬ ನಿರ್ಣಯದಲ್ಲಿ ಎರಡೂ ಕೂಡುತ್ತವೆ.

ಹೊಸನಗರ ತಾಲೂಕಿನ ಹೊಂಬುಜದ ಪಾರ್ಶ್ವನಾಥ ಸ್ವಾಮಿ ಮತ್ತು ಪದ್ಮಾವತಿ ದೇವಿಯ ಸನ್ನಿಧಿಗೆ ಇಂಥ ಕುಟುಂಬಗಳು ಹರಕೆ ಹೊತ್ತು ಬರುತ್ತವೆ. ಅಲ್ಲಿ ನಿಂತವರು ನೆನೆಯಬೇಕಾದ ಕಥೆಯೊಂದಿದೆ. ಉರಿಯುವ ಕೊರಡಿನೊಳಗೆ ಅರೆಬೆಂದ ಎರಡು ನಾಗಗಳ ಬಳಿ ರಾಜಕುಮಾರ ಪಾರ್ಶ್ವ ನಿಂತು, ಪಂಚನಮಸ್ಕಾರವನ್ನು ಅವುಗಳ ಕಿವಿಗೆ ಬೀಳುವಂತೆ ಹೇಳಿದನೆಂದೂ, ಅವು ಧರಣೇಂದ್ರ ಪದ್ಮಾವತಿಯರಾಗಿ ಜನಿಸಿದವೆಂದೂ ಪುರಾಣ. ಆ ಜೀವಗಳಿಗೆ ಕೇಳುತ್ತದೆಯೋ ಇಲ್ಲವೋ ಎಂದು ಪಾರ್ಶ್ವಕುಮಾರ ತರ್ಕಿಸುತ್ತಾ ನಿಲ್ಲಲಿಲ್ಲ. ಹಾಸಿಗೆಯ ಬದಿಯಲ್ಲಿ ಕುಳಿತು ದಿನಕ್ಕೆ ನಾಲ್ಕು ಬಾರಿ ಹೆಸರು ಹಿಡಿದು ಕರೆದು, ತೋಟದ ಸುದ್ದಿ ಹೇಳಿ, ಣಮೋಕಾರ ನುಡಿಯುವ ತಂದೆಗೆ ಅದಕ್ಕಿಂತ ಹಿರಿದಾದ ಮಾದರಿ ಬೇಕಿಲ್ಲ. ಹರಕೆ ಹೊತ್ತವರು ಮಾತ್ರ ವೈದ್ಯರು ಹೇಳಿದ ಮೂರ್ಛೆರೋಗದ ಮಾತ್ರೆಯನ್ನು ನಿಲ್ಲಿಸಬಾರದು. ಔಷಧದಾನವೂ ನಾಲ್ಕು ದಾನಗಳಲ್ಲಿ ಒಂದೆಂದು ಹೇಳಿದ ಧರ್ಮ ಇದು.

ಮೂರನೆಯದು ಶುಶ್ರೂಷೆಯ ನಿತ್ಯಕರ್ಮ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಮಲಮೂತ್ರ, ಕಫ, ವಾಂತಿ ಎಲ್ಲವನ್ನೂ ಕೈಯಲ್ಲಿ ತೆಗೆಯಬೇಕು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆ, ಅಂದರೆ ಅಸಹ್ಯಪಡದಿರುವುದು, ಇಲ್ಲಿ ಪರೀಕ್ಷೆಗೊಳಗಾಗುತ್ತದೆ. ಅದಕ್ಕೆ ಹಿರಿಯರು ಕೊಡುವ ದೃಷ್ಟಾಂತ ಉದ್ದಾಯನ ರಾಜನದು. ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದ ದೇವನೊಬ್ಬ ಉಂಡದ್ದನ್ನೆಲ್ಲ ವಾಂತಿ ಮಾಡಿದಾಗ ಬಳಿಯಿದ್ದವರು ದೂರ ಸರಿದರು. ರಾಜನು ತಾನಿತ್ತ ಆಹಾರವೇ ಒಗ್ಗಲಿಲ್ಲವೇನೋ ಎಂದು ಮರುಗಿ, ತನ್ನ ಕೈಯಿಂದಲೇ ಆ ಮೈಯನ್ನು ತೊಳೆದನು.

ಕನ್ನಡನಾಡಿನವರೇ ಆದ ಒಬ್ಬರ ಬದುಕಿನಲ್ಲಿ ಈ ಕಥೆ ನಿಜವಾಯಿತು. ಸಾಗರದಿಂದ ಘಟ್ಟವಿಳಿದರೆ ಸಿಗುವ ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ್ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯೇ ನಡೆದ ಅಮಾನುಷ ಹಲ್ಲೆಯಲ್ಲಿ ಮೆದುಳಿಗೆ ಪ್ರಾಣವಾಯು ಕಡಿದು, ಮರಳಿ ಸ್ವಸ್ಥ ಪ್ರಜ್ಞೆಗೆ ಬರಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಗಳಿಗೂ ಮಿಗಿಲಾಗಿ, ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರನ್ನು ತಮ್ಮವರೆಂದು ನೋಡಿಕೊಂಡರು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು, ಅರುಣಾ ಅವರ ಪರವಾಗಿ ಮಾತನಾಡುವ ಹಕ್ಕು ಈ ಆಸ್ಪತ್ರೆಯ ಸಿಬ್ಬಂದಿಗೇ ಸೇರಿದ್ದೆಂದು ಹೇಳಿ ಅವರ ಸೇವೆಯನ್ನು ಶ್ಲಾಘಿಸಿತು. ಅವರಲ್ಲಿ ಅನೇಕರು ಕೆಲಸಕ್ಕೆ ಸೇರುವಾಗ ಅರುಣಾ ಆಗಲೇ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಪ್ರತಿಫಲವಿಲ್ಲದ, ಗುಣವಾಗುವ ಭರವಸೆಯೂ ಇಲ್ಲದ ಆ ಸೇವೆಗೆ ವೈಯಾವೃತ್ತ್ಯ ಎಂಬುದಕ್ಕಿಂತ ಸರಿಯಾದ ಹೆಸರಿಲ್ಲ.

ಆದರೆ ಆ ಸೇವೆ ನಾಲ್ಕು ದಶಕ ನಡೆದದ್ದು ಒಬ್ಬರಿಂದಲ್ಲ ಎಂಬುದನ್ನೂ ಗಮನಿಸಬೇಕು. ಪಾಳಿಯಂತೆ ಕೈ ಬದಲಾಗುತ್ತಿತ್ತು. ಮಲೆನಾಡಿನ ಒಂಟಿಮನೆಯಲ್ಲಿ ಆಗುವುದು ಬೇರೆ. ಅಲ್ಲಿ ಎಲ್ಲವೂ ಹೆಂಡತಿಯ ಮೇಲೆ, ಇಲ್ಲವೇ ವಯಸ್ಸಾದ ತಾಯಿಯ ಮೇಲೆ ಬೀಳುತ್ತದೆ. ಉಳಿದವರು “ಅವಳು ಪುಣ್ಯಾತ್ಗಿತ್ತಿ” ಎಂದು ಹೊಗಳಿ ತಮ್ಮ ಪಾಲು ತೀರಿತೆಂದುಕೊಳ್ಳುತ್ತಾರೆ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಇಂಥ ಮನೆಯಲ್ಲಿ ಒಮ್ಮೆ ಎಣಿಸಿ ನೋಡಬೇಕು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ದನಕರು, ಆಳುಕಾಳುಗಳನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕೊಯ್ಯುವುದು, ಮಿತಿಮೀರಿ ಹೊರಿಸುವುದು, ಅನ್ನನೀರು ತಡೆಯುವುದು ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಸಿಡುಕುವ ರೋಗಿಯನ್ನು ವೈದ್ಯರ ಸಲಹೆಯಿಲ್ಲದೆ ಮಂಚಕ್ಕೆ ಕಟ್ಟುವುದು ಬಂಧವೇ. ತಾಳ್ಮೆ ತಪ್ಪಿ ಕೈಯೆತ್ತುವುದು ವಧವೇ. ಒಬ್ಬ ಹೆಣ್ಣುಮಗಳ ಮೇಲೆ ಹಗಲು ರಾತ್ರಿಯ ಶುಶ್ರೂಷೆ, ಅಡುಗೆ, ಕೊಟ್ಟಿಗೆ ಎಲ್ಲವನ್ನೂ ಹೇರಿ, ಅವಳಿಗೆ ನಿದ್ರೆಯಿಲ್ಲದಂತೆ ಮಾಡುವುದು ಅತಿಭಾರಾರೋಪಣ. ಎತ್ತಿಗೆ ಹೆಚ್ಚು ಹೊರೆ ಹೊರಿಸಲು ಅಂಜುವ ಶ್ರಾವಕನು ಮನೆಯ ಸೊಸೆಯ ವಿಷಯದಲ್ಲಿ ಅಂಜದಿರುವುದು ಸರಿಯಲ್ಲ. ತಾಳ್ಮೆ ತಪ್ಪುವುದೂ ಬಹುಪಾಲು ಹೊರೆ ಮಿತಿಮೀರಿದಾಗಲೇ. ನಾಲ್ಕನೆಯ ಅತಿಚಾರ ತಪ್ಪಿದರೆ ಮೊದಲೆರಡೂ ತಾವಾಗಿ ಕಡಿಮೆಯಾಗುತ್ತವೆ.

ಐದನೆಯದಾದ ಅನ್ನಪಾನನಿರೋಧದ ಬಗ್ಗೆ ಮನೆಗಳಲ್ಲಿ ನಿಜವಾದ ಗೊಂದಲವಿದೆ. ಮೂಗಿನ ನಳಿಗೆಯಲ್ಲಿ ಉಣ್ಣುವ ರೋಗಿಗೆ ವೈದ್ಯರು ಕೆಲವೊಮ್ಮೆ ರಾತ್ರಿಯೂ ಆಹಾರ ಕೊಡಲು ಹೇಳುತ್ತಾರೆ. ರಾತ್ರಿಭೋಜನ ತ್ಯಾಗವನ್ನು ಜೀವಮಾನವಿಡೀ ಪಾಲಿಸಿದ ಹಿರಿಯರಿಗೆ ಇದು ಮನಸ್ಸು ಕೊರೆಯುವ ವಿಷಯ. ಆದರೆ ವ್ರತವೆಂಬುದು ಅರಿತು, ಇಚ್ಛಿಸಿ, ತಾನೇ ಸ್ವೀಕರಿಸುವ ವಿರತಿ. ಅರಿವು ಮಸುಕಾಗಿರುವವನ ಮೇಲೆ ಇನ್ನೊಬ್ಬರು ಹೊರಿಸಿದ ನಿಯಮ ಅವನಿಗೆ ವ್ರತವಾಗದು. ಹೊರಿಸಿದವರಿಗೆ ಮಾತ್ರ ಅನ್ನಪಾನನಿರೋಧದ ದೋಷ ತಟ್ಟಬಹುದು. ಹಿರಿಯರು ತಮ್ಮ ನಿಯಮವನ್ನು ತಾವು ಪಾಲಿಸುತ್ತಾ, ರೋಗಿಗೆ ಬೇಕಾದುದನ್ನು ಕಾಲಕ್ಕೆ ಸರಿಯಾಗಿ ಕೊಡುವುದೇ ಧರ್ಮ.

ಸಲ್ಲೇಖನದ ಮಾತಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಬಹುಕಾಲ ಹಾಸಿಗೆ ಹಿಡಿದ ಎಳೆಯನ ವಿಷಯದಲ್ಲಿ ಯಾರಾದರೂ ಆ ಪದವನ್ನು ಮೆಲ್ಲನೆ ಎತ್ತುವುದುಂಟು. ಸಲ್ಲೇಖನವು ಸಾಧಕನು ಸ್ವತಃ, ಪೂರ್ಣ ಎಚ್ಚರದಲ್ಲಿ, ಕಷಾಯಗಳನ್ನು ಕೃಶಗೊಳಿಸುತ್ತಾ, ಗುರುಸಮ್ಮುಖದಲ್ಲಿ ಕೈಗೊಳ್ಳುವ ವ್ರತ. ಒಬ್ಬನ ಪರವಾಗಿ ಮತ್ತೊಬ್ಬನು ಅದನ್ನು ತೆಗೆದುಕೊಳ್ಳಲಾಗದು. ಚಿಕಿತ್ಸೆಯನ್ನು ಎಲ್ಲಿಯವರೆಗೆ ಮುಂದುವರಿಸಬೇಕೆಂಬ ಕಠಿಣ ಪ್ರಶ್ನೆ ಬಂದಾಗ ಅದನ್ನು ವೈದ್ಯರ ಜೊತೆ, ಕಾನೂನಿನ ಚೌಕಟ್ಟಿನಲ್ಲಿ, ರೋಗಿಯ ಹಿತವೊಂದನ್ನೇ ಮುಂದಿಟ್ಟು ನಿರ್ಧರಿಸಬೇಕು. ಮನೆಯವರ ಆಯಾಸಕ್ಕೆ ಪವಿತ್ರ ವ್ರತದ ಹೆಸರಿಡುವುದು ಆ ವ್ರತಕ್ಕೂ ರೋಗಿಗೂ ಎಸಗುವ ಅಪಚಾರ. ಆಯಾಸಕ್ಕೆ ಮದ್ದು ಬೇರೆಯೇ ಇದೆ. ಅದು ಸಮಾಜದ ಕೈಯಲ್ಲಿದೆ.

ಸಮ್ಯಗ್ದರ್ಶನದ ಆರನೆಯ ಅಂಗ ಸ್ಥಿತಿಕರಣ. ಧರ್ಮದಿಂದ ಜಾರುತ್ತಿರುವವರನ್ನು ಹಿಡಿದು ನಿಲ್ಲಿಸುವುದು. ರಾತ್ರಿ ಮೂರು ಗಂಟೆಗೆ ರೋಗಿಯ ಮೇಲೆ ರೇಗಿ, ಬೆಳಗ್ಗೆ ತನ್ನನ್ನೇ ಹಳಿದುಕೊಳ್ಳುವ ಹೆಂಡತಿಗಿಂತ ಸ್ಥಿತಿಕರಣದ ಅಗತ್ಯ ಬೇರೆ ಯಾರಿಗಿದೆ? ಅವಳಿಗೆ ಉಪದೇಶ ಬೇಡ, ವಾರಕ್ಕೆ ಎರಡು ರಾತ್ರಿಯ ನಿದ್ರೆ ಬೇಕು. ಬಸದಿಯ ಒಕ್ಕಲಿನ ನಾಲ್ಕು ಮನೆಯವರು ಒಪ್ಪಿದರೆ ಅದು ಸಾಧ್ಯ. ಮಲೆನಾಡಿಗೆ ಮುಯ್ಯಾಳು ಹೊಸದಲ್ಲ. ಕೊನೆಕೊಯ್ಲಿನಲ್ಲಿ, ಅಡಕೆ ಸುಲಿಯುವುದರಲ್ಲಿ ಆ ಮನೆಗೆ ಮುಯ್ಯಿ ಮಾಡಬಹುದು. ತಿಂಗಳ ತಪಾಸಣೆಗೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗುವಾಗ ಒಬ್ಬರು ವಾಹನ ಹಿಡಿಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವಿದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಮಾತಿನ ತೊಂದರೆಯುಳ್ಳವರಿಗಾಗಿ ದುಡಿಯುತ್ತಿದೆ. ಅಲ್ಲಿಗೆ ಕರೆದೊಯ್ಯಲು, ಜೊತೆಗಿದ್ದವರಿಗೆ ಉಳಿದುಕೊಳ್ಳಲು ಏರ್ಪಾಡು ಮಾಡುವುದು ಆಹಾರ, ಔಷಧ, ಅಭಯ ಮೂರೂ ಸೇರಿದ ದಾನ.

ಅಪಘಾತದ ಗಳಿಗೆಯಲ್ಲಿ ನಿಂತುನೋಡದಿರುವುದೂ ಅಭಯದಾನವೇ. ಗಾಯಾಳುವಿನ ಕತ್ತು ತಿರುಚದಂತೆ ಹಿಡಿದು, 108ಕ್ಕೆ ಕರೆಮಾಡಿ ಕಾದವನಿಗೆ ಪೊಲೀಸ್ ಕಾಟದ ಭಯ ಬೇಡ. ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡಲು ಕರ್ನಾಟಕ 2016ರಲ್ಲೇ ಪ್ರತ್ಯೇಕ ಕಾಯ್ದೆ ರೂಪಿಸಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲೂ ಅದು ಸೇರಿದೆ. ಹಿಂಸೆಯ ಮೂಲ ಪ್ರಮಾದವೆಂದು ಒಪ್ಪಿದವರು ಹೆಲ್ಮೆಟ್ ಇಲ್ಲದೆ ಮಗನನ್ನು ಬೈಕಿನಲ್ಲಿ ಕಳುಹಿಸುವುದನ್ನೂ, ಮಳೆ ನೆನೆದ ಮರಕ್ಕೆ ಆಳನ್ನು ಹತ್ತಿಸುವುದನ್ನೂ ಪ್ರಮಾದವೆಂದೇ ಎಣಿಸಬೇಕು.

ಹೊಂಬುಜದ ಪಂಚಕೂಟ ಬಸದಿಯನ್ನು 1077ರಲ್ಲಿ ಕಟ್ಟಿಸಿದ ಚಟ್ಟಲದೇವಿ, ತೀರಿಹೋದ ತಂಗಿಯ ನಾಲ್ವರು ಗಂಡುಮಕ್ಕಳನ್ನು ತನ್ನ ಮಕ್ಕಳೆಂದೇ ಸಾಕಿದವಳು. ನಾಡು ಅವಳನ್ನು ಬಸದಿಗಾಗಿ ನೆನೆಯುತ್ತದೆ. ಬಸದಿಗೆ ಬೇಕಾದ ಕಲ್ಲು, ಶಿಲ್ಪಿ, ಹೊನ್ನು ರಾಜಮನೆತನದಲ್ಲಿದ್ದವು. ಆ ಮಕ್ಕಳನ್ನು ಬೆಳೆಸಲು ಬೇಕಾದುದನ್ನು ಅವಳು ತನ್ನೊಳಗಿಂದಲೇ ತೆಗೆಯಬೇಕಾಯಿತು. ಈಗಲೂ ಈ ಮೂರು ತಾಲೂಕುಗಳ ಅನೇಕ ಮನೆಗಳಲ್ಲಿ ಅಂಥ ಕೆಲಸ ಯಾರ ಕಣ್ಣಿಗೂ ಬೀಳದೆ ನಡೆಯುತ್ತಿದೆ.

ಬರುವ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂದಾಗ, ಹತ್ತು ದಿನದ ಉಪವಾಸ ಹಿಡಿಯುವಷ್ಟು ಶಕ್ತಿಯಿಲ್ಲವೆಂದು ಸಂಕೋಚಪಡುವವರು ಇನ್ನೊಂದು ನಿಯಮ ಹಿಡಿಯಬಹುದು. ಪರ್ವದ ಅವಧಿಯಲ್ಲಿ ಎರಡು ರಾತ್ರಿ ಅಂಥ ಮನೆಯೊಂದಕ್ಕೆ ಹೋಗಿ, ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಿ, ಮನೆಯವರನ್ನು ಬೆಳಗಿನವರೆಗೆ ಮಲಗಲು ಬಿಡುವುದು. ಅಭ್ಯಂತರ ತಪಸ್ಸಿನ ಮೂರನೆಯ ಮೆಟ್ಟಿಲನ್ನು ಏರಲು ಗೃಹಸ್ಥನಿಗೆ ಅದಕ್ಕಿಂತ ಹತ್ತಿರದ ದಾರಿ ಇರಲಾರದು.